ಬಾಟಮ್ ಜೆಟ್: ಲೆಕ್ಕಕ್ಕೆ ಹಿಡಿಯಬೇಕಾದದ್ದು ಯಾವುದನ್ನು?

ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೋಗುವ ದಾರಿಯನ್ನು ಬಳೆಯಂತೆ ಬಾಗಿಸಿದರೆ ಹೆಚ್ಚುಕಡಿಮೆ ಲಾರ್ಜ್ ಹ್ಯಾಡ್ರಾನ್ ಕೊಲೈಡರಿನ ಅಳತೆ ಸಿಗುತ್ತದೆ. ಜಿನೀವಾ ಪಕ್ಕದ ನೆಲದಡಿಯಲ್ಲಿರುವ ಆ 27 ಕಿ.ಮೀ. ಉಂಗುರವನ್ನು ಪ್ರೋಟಾನು ಸೆಕೆಂಡಿಗೆ 11 ಸಾವಿರಕ್ಕೂ ಹೆಚ್ಚು ಸಲ ಸುತ್ತುತ್ತದೆ. ಇಷ್ಟೆಲ್ಲ ಕಟ್ಟಿದ ಮೇಲೂ, ಡಿಕ್ಕಿಯಲ್ಲಿ ಬಾಟಮ್ ಕ್ವಾರ್ಕ್ ಹುಟ್ಟಿತೋ ಇಲ್ಲವೋ ಎಂಬ ತೀರ್ಪು ನಿಂತಿರುವುದು ಕೆಲವೇ ಮಿಲಿಮೀಟರುಗಳ ಮೇಲೆ.

ಭೌತವಿಜ್ಞಾನಿಗಳಾದ ಕೊಬಾಯಾಶಿ ಮತ್ತು ಮಸ್ಕಾವಾ 1973ರಲ್ಲಿ ಮೂರನೆಯ ತಲೆಮಾರಿನ ಕ್ವಾರ್ಕುಗಳು ಇರಬೇಕೆಂದರು. 1977ರಲ್ಲಿ ಲೆಡರ್ಮನ್ ತಂಡ ಫರ್ಮಿಲ್ಯಾಬಿನಲ್ಲಿ ಅಪ್ಸಿಲಾನ್ ಕಣವನ್ನು ಕಂಡು, ಅವುಗಳಲ್ಲೊಂದಾದ ಬಾಟಮ್ ಇದೆಯೆಂದು ತೋರಿಸಿತು. ಆದರೆ ಕ್ವಾರ್ಕ್ ಒಂಟಿಯಾಗಿ ಸಿಗುವುದಿಲ್ಲ. ಹುಟ್ಟಿದ ಕೂಡಲೇ ಒಂದೇ ದಿಕ್ಕಿಗೆ ಚಿಮ್ಮುವ ಕಣಗಳ ಗುಂಪಾಗಿಬಿಡುತ್ತದೆ. ಅದೇ ಜೆಟ್.

ಮೊದಮೊದಲು ಗುರುತಿಗೆ ಸಿಕ್ಕಿದ್ದು ಮುಖ್ಯವಾಗಿ ಮ್ಯೂಆನ್. ಬಾಟಮ್ ಒಡೆದಾಗ ಕೆಲವೊಮ್ಮೆ ಮ್ಯೂಆನ್ ಹೊರಬೀಳುತ್ತದೆ, ಸುತ್ತ ಜೆಟ್ಟಿನ ಉಳಿದ ಕಣಗಳೂ ಇರುತ್ತವೆ. ಸರ್ನ್‌ನ ಯುಎ1 ಪ್ರಯೋಗ 1980ರ ದಶಕದಲ್ಲಿ ಹೀಗೇ ಎಣಿಸಿತು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ರೋಹಿಣಿ ಗೋಡಬೋಲೆ, ಪಕ್ವಾಸ ಮತ್ತು ಡಿ.ಪಿ. ರಾಯ್ ಜೊತೆ 1983ರಲ್ಲೇ ಇದರ ಮತ್ತೊಂದು ಮಗ್ಗುಲನ್ನು ಹೇಳಿದ್ದರು: ಅದೇ ತಲೆಮಾರಿನ ಟಾಪ್ ಕ್ವಾರ್ಕಿನಿಂದ ಬಂದ ಲೆಪ್ಟಾನ್ (ಮ್ಯೂಆನಿನಂಥ ಕಣ) ಒಂಟಿಯಾಗಿ ನಿಲ್ಲುತ್ತದೆ, ಬಾಟಮ್‌ನದು ಗುಂಪಿನೊಳಗೆ ಇರುತ್ತದೆ.

ಅದೇ 1983ರಲ್ಲಿ ಅಮೆರಿಕದ ಸ್ಲ್ಯಾಕ್‌ನ ಎರಡು ಪ್ರಯೋಗಗಳು, ಬಾಟಮ್ ಇರುವ ಕಣಗಳ ಆಯಸ್ಸು ಎಣಿಸಿದ್ದಕ್ಕಿಂತ ದೀರ್ಘ ಎಂದು ಕಂಡವು. ದೀರ್ಘ ಎಂದರೆ ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದೂವರೆ ಪಾಲು! ಬಾಟಮ್ ಗುರುತಿಸಲು ಅಷ್ಟೇ ಸಾಕಾಯಿತು. 50 ಜಿಇವಿ ಆವೇಗವಿರುವ ಅಂಥ ಕಣ ಒಡೆಯುವ ಮುನ್ನ ಸರಾಸರಿ ನಾಲ್ಕೈದು ಮಿಲಿಮೀಟರ್ ಸಾಗುತ್ತದೆ. ಲಾರ್ಜ್ ಹ್ಯಾಡ್ರಾನ್ ಕೊಲೈಡರಿನ ಸಿಎಂಎಸ್ ಶೋಧಕದ ಮೊದಲ ಪಿಕ್ಸೆಲ್ ಪದರ ಆರಂಭದಲ್ಲಿ ಇದ್ದದ್ದು 4.4 ಸೆಂ.ಮೀ. ದೂರದಲ್ಲಿ. ಒಡೆದ ಜಾಗದಲ್ಲಿ ನೋಡಲು ಏನೂ ಇರುವುದಿಲ್ಲ. ಹೊರಗೆ ಬಿದ್ದ ಹೆಜ್ಜೆಗಳನ್ನು ಹಿಂದಕ್ಕೆ ಎಳೆಯುತ್ತ ಹೋದರೆ ಕೆಲವು ಗೆರೆಗಳು ಡಿಕ್ಕಿಯಾದ ಬಿಂದುವಿನಲ್ಲಿ ಕೂಡದೆ, ಸ್ವಲ್ಪ ಆಚೆ ಕೂಡುತ್ತವೆ. ಅಲ್ಲಿ ಸೇರುವ ಕಣಗಳ ಒಟ್ಟು ದ್ರವ್ಯರಾಶಿ ಹೆಚ್ಚಿದ್ದರೆ ಬಾಟಮ್, ಕಡಿಮೆಯಿದ್ದರೆ ಅದಕ್ಕಿಂತ ಹಗುರವಾದ ಚಾರ್ಮ್ ಕ್ವಾರ್ಕ್ ಇರಬಹುದು. ಖಚಿತವಾಗಿ ಒಂದೊಂದನ್ನೇ ಹೇಳಲಾಗದು, ರಾಶಿಯ ಮೇಲೆ ಪಾಲು ಹೇಳಬಹುದು.

1990ರ ದಶಕದ ಕಥೆ ನನಗೆ ಎಲ್ಲಕ್ಕಿಂತ ಸ್ವಾರಸ್ಯದ್ದು. ಪ್ರೋಟಾನಿಗೆ ಪ್ರತಿಪ್ರೋಟಾನನ್ನು ಡಿಕ್ಕಿ ಹೊಡೆಸುತ್ತಿದ್ದ ಫರ್ಮಿಲ್ಯಾಬಿನ ಟೆವಟ್ರಾನಿನಲ್ಲಿ ಸಿಡಿಎಫ್ ಮತ್ತು ಡಿಝೀರೋ ಪ್ರಯೋಗಗಳಿಗೆ ಸಿದ್ಧಾಂತ ಹೇಳಿದ್ದಕ್ಕಿಂತ ಎರಡು-ಮೂರು ಪಟ್ಟು ಬಾಟಮ್ ಸಿಕ್ಕಿತು. ಹೊಸ ಕಣಗಳೇ ಇವನ್ನು ಹೆರುತ್ತಿವೆ ಎಂದು ಬರೆದವರೂ ಉಂಟು. ಆದರೆ ದೋಷದ ದೊಡ್ಡ ಪಾಲು ಹೋಲಿಕೆಯಲ್ಲೇ ಇತ್ತು. ಯಂತ್ರ ಕಂಡದ್ದು ಕ್ವಾರ್ಕುಗಳು ಕೂಡಿ ಆದ ಹ್ಯಾಡ್ರಾನನ್ನು, ಕಾಗದದ ಮೇಲಿದ್ದದ್ದು ಕ್ವಾರ್ಕ್. ಒಂದರಿಂದ ಇನ್ನೊಂದಕ್ಕೆ ದಾಟಿಸುವ ಸೂತ್ರ ಹಳೆಯದು. ಕಾಚಿಯಾರಿ ಮತ್ತು ನಾಸೋನ್ 2002ರಲ್ಲಿ ಸೂತ್ರವನ್ನು ತಿದ್ದಿದಾಗ ಅಂತರ 2.9 ಪಟ್ಟಿನಿಂದ 1.7ಕ್ಕೆ ಇಳಿಯಿತು. ಅಷ್ಟರಲ್ಲಿ ಡಿಝೀರೋ, 2000ದಲ್ಲಿ, ಬೇರೆ ಜಾಣ್ಮೆ ತೋರಿಸಿತ್ತು: ಕ್ವಾರ್ಕ್ ಬೇಡ, ಬಾಟಮ್ ಇರುವ ಇಡೀ ಜೆಟ್ಟನ್ನೇ ಅಳೆಯೋಣ. ಜೆಟ್ಟಿನ ಶಕ್ತಿ ಒಡೆಯುವಿಕೆಯ ವಿವರಕ್ಕೆ ಅಷ್ಟಾಗಿ ಜಗ್ಗುವುದಿಲ್ಲ.

ಜಿನೀವಾದ ಉಂಗುರದಲ್ಲಿ 2010ರಲ್ಲಿ 7 ಟಿಇವಿ ಶಕ್ತಿಯ ಡಿಕ್ಕಿಗಳು ಶುರುವಾದಾಗ ಅಲ್ಲಿನ ಅಟ್ಲಾಸ್, ಸಿಎಂಎಸ್ ಪ್ರಯೋಗಗಳೆರಡೂ ಇದೇ ದಾರಿ ಹಿಡಿದವು. ಲೆಕ್ಕವೂ ಅಳತೆಯೂ ಒಟ್ಟಾರೆ ಹೊಂದಿದವು, ಹೆಚ್ಚಿನ ಆವೇಗದ ಕಡೆ ಕೆಲವು ಲೆಕ್ಕಗಳು ತಪ್ಪಿದವು. ಆಮೇಲಿನ ಪ್ರಗತಿ ಹೆಚ್ಚಾಗಿ ಗುರುತಿಸುವ ತಂತ್ರದ್ದು, ಈಗ ಅದು ನರಜಾಲ ತಂತ್ರಾಂಶದ ಕೈಯಲ್ಲಿದೆ.

ಇನ್ನೂ ಬಿಡಿಸಲಾಗದ ಗಂಟು ಕ್ವಾರ್ಕುಗಳನ್ನು ಅಂಟಿಸಿ ಹಿಡಿಯುವ ಗ್ಲುವಾನಿನದು. ಒಂದು ಗ್ಲುವಾನ್ ಬಾಟಮ್ ಮತ್ತು ಪ್ರತಿಬಾಟಮ್ ಆಗಿ ಸೀಳಿ ಎರಡೂ ಅಂಟಿಕೊಂಡಂತೆ ಹೋಗಬಹುದು. 2011ರಲ್ಲಿ ಸಿಎಂಎಸ್ ಇಂಥ ಜೋಡಿಗಳು ಸಾಕಷ್ಟಿವೆ ಎಂದು ತೋರಿಸಿತು. ಎರಡೂ ಒಂದೇ ಜೆಟ್ಟಿಗೆ ಬಿದ್ದರೆ? ಪ್ರಯೋಗದವರು ಅದನ್ನು ಬಾಟಮ್ ಜೆಟ್ ಎಂದು ಎಣಿಸುತ್ತಾರೆ. ಬಾನ್ಫಿ, ಸಲಾಂ, ಝಾಂಡೆರಿಘಿ 2006ರಲ್ಲಿ ಕೊಟ್ಟ ವ್ಯಾಖ್ಯೆಯಲ್ಲಿ ಒಂದನ್ನೊಂದು ಕಳೆದು ಅದು ಗ್ಲುವಾನ್ ಜೆಟ್ ಆಗುತ್ತದೆ. 2022ರಿಂದೀಚೆಗೆ ಇನ್ನೂ ಕೆಲವು ವ್ಯಾಖ್ಯೆಗಳು ಬಂದಿವೆ. ಅವನ್ನು ಯಂತ್ರದಲ್ಲಿ ಬಳಸಬೇಕಾದರೆ ಅಂಟಿಕೊಂಡ ಜೋಡಿಯ ಎರಡನ್ನೂ ಬಿಡಿಬಿಡಿಯಾಗಿ ಗುರುತಿಸಬೇಕು, ಈಗಿನ ಪಿಕ್ಸೆಲುಗಳಿಗೆ ಕಷ್ಟವಾಗಿರುವುದು ಅದೇ.