ತೇಲುವ ವಿಮಾನ ನಿಲ್ದಾಣ ಮತ್ತು ಕಾರವಾರದ ನೆಲ

ಕಾರವಾರದಿಂದ ಅಂಕೋಲೆಯತ್ತ ಹೆದ್ದಾರಿಯಲ್ಲಿ ಸಾಗುವವರಿಗೆ ಬಿಣಗಾ ದಾಟಿದ ಮೇಲೆ ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ನೌಕಾಪಡೆಯ ಗೋಡೆ ಜೊತೆಯಾಗುತ್ತವೆ. ಗೋಡೆಯ ಆಚೆ ಇರುವುದು ಬನವಾಸಿಯ ಅರಸುಮನೆತನದ ಹೆಸರು ಹೊತ್ತ ‘ಐಎನ್ಎಸ್ ಕದಂಬ’ ನೌಕಾನೆಲೆ. 2014ರ ಜನವರಿಯಲ್ಲಿ ರಷ್ಯಾದಿಂದ ಬಂದ ‘ಐಎನ್ಎಸ್ ವಿಕ್ರಮಾದಿತ್ಯ’ ಲಂಗರು ಹಾಕಿದ್ದು ಇಲ್ಲಿಯೇ. ಉದ್ದ 284 ಮೀಟರ್, ತೂಕ ಸುಮಾರು 45 ಸಾವಿರ ಟನ್, ಒಳಗೆ ಸಾವಿರದ ಐನೂರಕ್ಕೂ ಹೆಚ್ಚು ಜನ, ಮೂವತ್ತರಷ್ಟು ವಿಮಾನ ಹಾಗೂ ಹೆಲಿಕಾಪ್ಟರುಗಳು. ಹಡಗು ಎನ್ನುವುದಕ್ಕಿಂತ ಒಂದು ಸಣ್ಣ ಪಟ್ಟಣ ಎನ್ನುವುದೇ ಸರಿ.

ವಿಮಾನವಾಹಕ ನೌಕೆಯನ್ನು ‘ತೇಲುವ ವಿಮಾನ ನಿಲ್ದಾಣ’ ಎಂದು ಕರೆಯುವ ರೂಢಿಯಿದೆ. ಪರದೇಶದ ನೆಲವನ್ನು ಬೇಡದೆ, ಯಾರ ಅಪ್ಪಣೆಗೂ ಕಾಯದೆ ಸಮುದ್ರದ ನಡುವೆಯೇ ವಿಮಾನ ಹಾರಿಸಬಹುದು ಎಂಬುದೇ ಅದರ ಹೆಗ್ಗಳಿಕೆ. ಈ ಮಾತು ನಿಜ. ಆದರೆ ಪೂರ್ತಿ ನಿಜವಲ್ಲ. ಎಷ್ಟು ನಿಜ ಎಂಬುದನ್ನು ತಿಳಿಯಲು ಈ ನೌಕೆ ಕೆಲಸ ಮಾಡುವ ಬಗೆಯನ್ನು ಮೊದಲು ನೋಡಬೇಕು.

ನೆಲದ ಮೇಲೆ ಯುದ್ಧವಿಮಾನಕ್ಕೆ ಕಿಲೋಮೀಟರುಗಟ್ಟಲೆ ಉದ್ದದ ಓಡುದಾರಿ ಇರುತ್ತದೆ. ನೌಕೆಯ ಮೇಲೆ ಅದಕ್ಕೆ ಸಿಗುವುದು ಹೆಚ್ಚೆಂದರೆ ಇನ್ನೂರು ಮೀಟರ್. ಈ ಕೊರತೆಯನ್ನು ತುಂಬಲು ಮೂರು ಉಪಾಯಗಳಿವೆ. ಮೊದಲನೆಯದು ಗಾಳಿ. ವಿಮಾನ ಹಾರಿಸುವ ಮುನ್ನ ನೌಕೆ ಗಾಳಿಗೆ ಎದುರಾಗಿ ತಿರುಗಿ ವೇಗವಾಗಿ ಸಾಗುತ್ತದೆ. ಬೀಸುವ ಗಾಳಿಯ ವೇಗಕ್ಕೆ ಹಡಗಿನ ವೇಗವೂ ಕೂಡಿ, ವಿಮಾನ ಚಲಿಸುವ ಮೊದಲೇ ಅದರ ರೆಕ್ಕೆಗೆ ಒಂದಿಷ್ಟು ಬಲ ಬಂದಿರುತ್ತದೆ. ಎರಡನೆಯದು, ಮೇಲಕ್ಕೆ ಬಾಗಿದ ನೌಕೆಯ ಮೂತಿ. ವಿಕ್ರಮಾದಿತ್ಯದ ಮುಂತುದಿ ಸುಮಾರು 14 ಡಿಗ್ರಿಯಷ್ಟು ಎದ್ದಿದೆ. ಚಕ್ರಗಳಿಗೆ ಅಡ್ಡಲಾಗಿ ನಿಂತ ತಡೆಗಳು ವಿಮಾನವನ್ನು ಹಿಡಿದಿರುತ್ತವೆ. ಎಂಜಿನ್ ಪೂರ್ಣ ಶಕ್ತಿಗೆ ಬಂದೊಡನೆ ತಡೆ ಕುಸಿಯುತ್ತದೆ, ಮಿಗ್-29ಕೆ ವಿಮಾನ ಆ ಇಳಿಜಾರನ್ನೇರಿ ಆಕಾಶಕ್ಕೆ ಚಿಮ್ಮುತ್ತದೆ. ಮೂರನೆಯದು, ಅಮೆರಿಕದ ನೌಕೆಗಳಲ್ಲಿರುವಂತೆ ಕವಣೆಕಲ್ಲಿನ ಹಾಗೆ ವಿಮಾನವನ್ನು ಎಸೆಯುವ ಯಂತ್ರ. ಇದು ನಮ್ಮ ಈಗಿನ ನೌಕೆಗಳಲ್ಲಿ ಇಲ್ಲ. ಆದ್ದರಿಂದ ದೂರದ ಶತ್ರುವನ್ನು ಪತ್ತೆಹಚ್ಚುವ ರಾಡಾರ್ ಹೊತ್ತ ಭಾರಿ ವಿಮಾನಗಳನ್ನು ಇವುಗಳಿಂದ ಹಾರಿಸಲಾಗದು. ಆ ಕೆಲಸವನ್ನು ಕಾಮೋವ್-31 ಹೆಲಿಕಾಪ್ಟರುಗಳು ಮಾಡುತ್ತವೆ.

ಏರುವುದಕ್ಕಿಂತ ಇಳಿಯುವುದು ಕಷ್ಟ. ಡೆಕ್ಕಿನ ಹಿಂಭಾಗದಲ್ಲಿ ಅಡ್ಡಲಾಗಿ ಮೂರು ಉಕ್ಕಿನ ಹಗ್ಗಗಳಿರುತ್ತವೆ. ಗಂಟೆಗೆ 240 ಕಿಲೋಮೀಟರ್ ಆಸುಪಾಸಿನ ವೇಗದಲ್ಲಿ ಬರುವ ವಿಮಾನ ತನ್ನ ಬಾಲದ ಕೊಕ್ಕೆಯನ್ನು ಇವುಗಳಲ್ಲಿ ಒಂದಕ್ಕೆ ಸಿಕ್ಕಿಸಬೇಕು. ಸಿಕ್ಕಿದರೆ ಸುಮಾರು 90 ಮೀಟರಿನೊಳಗೆ ನಿಲ್ಲುತ್ತದೆ. ವಿಚಿತ್ರವೆಂದರೆ, ಚಕ್ರ ಡೆಕ್ಕನ್ನು ಮುಟ್ಟಿದ ಕ್ಷಣದಲ್ಲಿ ಪೈಲಟ್ ಎಂಜಿನ್ನನ್ನು ತಗ್ಗಿಸುವುದಿಲ್ಲ, ಹೆಚ್ಚಿಸುತ್ತಾನೆ. ಕೊಕ್ಕೆ ತಪ್ಪಿದರೆ ಮತ್ತೆ ಹಾರಿಕೊಳ್ಳಬೇಕಲ್ಲ! ಈ ವಿದ್ಯೆಯಲ್ಲಿ ಬೆಂಗಳೂರಿಗೂ ಪಾಲಿದೆ. ಅಲ್ಲಿ ರೂಪುಗೊಂಡ ‘ತೇಜಸ್’ ವಿಮಾನದ ನೌಕಾ ಮಾದರಿ 2020ರ ಜನವರಿ 11ರಂದು ವಿಕ್ರಮಾದಿತ್ಯದ ಮೇಲೆ ಇಳಿದು ತೋರಿಸಿತು.

ಇಷ್ಟೆಲ್ಲ ಸಾಹಸ ಏತಕ್ಕೆ? ಉತ್ತರ 1971ರ ಯುದ್ಧದಲ್ಲಿದೆ. ಅಂದಿನ ‘ವಿಕ್ರಾಂತ್’ ಬ್ರಿಟನ್ನಿನಿಂದ ಕೊಂಡು 1961ರಲ್ಲಿ ಸೇವೆಗೆ ಸೇರಿದ ನೌಕೆ. ಅದರ ಒಂದು ಬಾಯ್ಲರ್ ಬಿರುಕು ಬಿಟ್ಟಿದ್ದರಿಂದ ಪೂರ್ಣ ವೇಗದಲ್ಲಿ ಓಡುವಂತಿರಲಿಲ್ಲ. ಆದರೂ ಡಿಸೆಂಬರ್ 4ರಿಂದ ಅದರ ಸೀಹಾಕ್ ಮತ್ತು ಅಲಿಝೆ ವಿಮಾನಗಳು ಕಾಕ್ಸ್ ಬಜಾರ್, ಚಿತ್ತಗಾಂಗ್‌ಗಳ ಮೇಲೆ ಎರಗಿದವು. ಪೂರ್ವ ಪಾಕಿಸ್ತಾನದ ಸೇನೆಗೆ ಸಮುದ್ರದ ದಾರಿ ಮುಚ್ಚಿತು. ಅದೇ ತಿಂಗಳು ಅಮೆರಿಕವು ಅಣುಶಕ್ತಿಚಾಲಿತ ‘ಎಂಟರ್‌ಪ್ರೈಸ್’ ನೌಕೆಯನ್ನು ಬಂಗಾಳ ಕೊಲ್ಲಿಗೆ ಕಳಿಸಿತು. ಅದು ಒಂದು ಗುಂಡನ್ನೂ ಹಾರಿಸಲಿಲ್ಲ; ಆದರೆ ಅದರ ಬರವು ದೆಹಲಿಯಲ್ಲಿ ಮರೆಯಲಾಗದ ಪಾಠವಾಯಿತು. ವಿಮಾನವಾಹಕದ ಎರಡೂ ಉಪಯೋಗಗಳು, ಹೊಡೆಯುವುದು ಮತ್ತು ಬೆದರಿಸುವುದು, ಒಂದೇ ಯುದ್ಧದಲ್ಲಿ ಕಂಡಂತಾಯಿತು.

ಇಂಥ ನೌಕೆ ಒಂಟಿಯಾಗಿ ಹೊರಡುವುದಿಲ್ಲ. ವಿಧ್ವಂಸಕ ನೌಕೆಗಳು, ಇಂಧನದ ಹಡಗು, ಕೆಲವೊಮ್ಮೆ ಜಲಾಂತರ್ಗಾಮಿಯೂ ಕಾವಲಿಗೆ ಬೇಕು. ಕ್ಷಿಪಣಿಗಳ ಕಾಲದಲ್ಲಿ ಇಷ್ಟು ದೊಡ್ಡ ಗುರಿಯನ್ನು ಕಡಲಿನಲ್ಲಿ ತೇಲಿಬಿಡುವುದು ಜಾಣತನವೇ, ಅದೇ ಹಣಕ್ಕೆ ಜಲಾಂತರ್ಗಾಮಿಗಳನ್ನು ಕಟ್ಟಬಾರದೇ ಎಂಬ ವಾದ ಹಳೆಯದು, ಇನ್ನೂ ಮುಗಿದಿಲ್ಲ. ಜಲಾಂತರ್ಗಾಮಿಯು ಶತ್ರುವಿಗೆ ಸಮುದ್ರವನ್ನು ನಿರಾಕರಿಸಬಲ್ಲದು, ಆದರೆ ನಮ್ಮ ಸರಕು ಹಡಗುಗಳ ತಲೆಯ ಮೇಲೆ ವಿಮಾನದ ಕಾವಲು ಒದಗಿಸಲಾರದು ಎಂಬುದು ನೌಕಾಪಡೆಯ ಉತ್ತರ. 2022ರ ಸೆಪ್ಟೆಂಬರ್ 2ರಂದು ಕೊಚ್ಚಿಯಲ್ಲಿ ಕಟ್ಟಿದ ಹೊಸ ‘ವಿಕ್ರಾಂತ್’ ಸೇವೆಗೆ ಸೇರಿದ್ದು ಈ ನಂಬಿಕೆಯಿಂದಲೇ.

ಈಗ ನೆಲದ ಮಾತು. ಬಂದರಿನಲ್ಲಿ ಕಟ್ಟಿಹಾಕಿದ ನೌಕೆಗೆ ಎದುರುಗಾಳಿಯಿಲ್ಲ, ಓಟವಿಲ್ಲ. ಅದರ ಯುದ್ಧವಿಮಾನಗಳು ಅಲ್ಲಿಂದ ಹಾರಲಾರವು. ಆದ್ದರಿಂದ ನೌಕೆ ದಡ ಸೇರುವ ಮೊದಲೇ ಅವು ಹಾರಿಹೋಗಿ ಗೋವೆಯ ‘ಹಂಸ’ ನೆಲೆಯಲ್ಲಿ ಇಳಿಯುತ್ತವೆ. ಅವುಗಳ ಮನೆ ಅಲ್ಲಿಯೇ. ಇನ್ನು ನೌಕೆಗೆ ಬೇಕಾದದ್ದು ಆಳವಾದ ನೀರು, ಅಲೆ ತಡೆಯುವ ಗೋಡೆ, ದುರಸ್ತಿಯ ಅಂಗಳ, ಸಾವಿರಾರು ಜನರ ಸಂಸಾರಗಳಿಗೆ ಮನೆ. ಮುಂಬೈ ಬಂದರು ಸರಕು ಹಡಗುಗಳಿಂದ ಕಿಕ್ಕಿರಿದಿತ್ತು, ಪಾಕಿಸ್ತಾನಕ್ಕೆ ಹತ್ತಿರವೂ ಆಗಿತ್ತು. ನೌಕಾಪಡೆಯ ಮುಖ್ಯಸ್ಥರಾಗಿದ್ದ ಅಡ್ಮಿರಲ್ ಒ.ಎಸ್. ಡಾಸನ್ ಅವರ ಕಣ್ಣು ಕಾರವಾರದ ಮೇಲೆ ಬಿದ್ದದ್ದು 1980ರ ದಶಕದ ಆರಂಭದಲ್ಲಿ. ಹಿಂದೆ ಸಹ್ಯಾದ್ರಿಯ ಮರೆ, ಮುಂದೆ ಅಂಜುದೀವ್ ದ್ವೀಪ. 1961ರ ಗೋವಾ ವಿಮೋಚನೆಯಲ್ಲಿ ‘ಐಎನ್ಎಸ್ ಮೈಸೂರು’ ಮತ್ತು ‘ತ್ರಿಶೂಲ್’ ನೌಕೆಗಳ ನಾವಿಕರು ಪೋರ್ಚುಗೀಸರಿಂದ ಬಿಡಿಸಿಕೊಂಡ ದ್ವೀಪ ಅದು; ಏಳು ಮಂದಿ ಅಲ್ಲಿ ಪ್ರಾಣ ತೆತ್ತರು.

1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ್ ಗಾಂಧಿ ಅರ್ಗಾದಲ್ಲಿ ‘ಸೀಬರ್ಡ್’ ಯೋಜನೆಗೆ ಅಡಿಗಲ್ಲು ಹಾಕಿದರು. ಹಣದ ಮುಗ್ಗಟ್ಟಿನಿಂದ ಕೆಲಸ ವರ್ಷಗಟ್ಟಲೆ ಕುಂಟಿತು. ನೆಲೆ ಉದ್ಘಾಟನೆಯಾದದ್ದು 2005ರ ಮೇ 31ರಂದು. ಅಷ್ಟರಲ್ಲಿ ಕಾರವಾರ, ಅಂಕೋಲಾ ತಾಲ್ಲೂಕುಗಳ ಹದಿಮೂರು ಗ್ರಾಮಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ ಬಿಟ್ಟಿದ್ದವು. ಭತ್ತದ ಗದ್ದೆ, ತೆಂಗಿನ ತೋಟ, ಎಲ್ಲಕ್ಕಿಂತ ಮಿಗಿಲಾಗಿ ದೋಣಿ ಎಳೆದು ನಿಲ್ಲಿಸುವ ಮರಳು ದಂಡೆ ಕೈಬಿಟ್ಟವು. ತೋಡೂರು, ಮುದಗಾ, ಹಾರವಾಡಗಳ ಪುನರ್ವಸತಿ ಕಾಲೊನಿಗಳಲ್ಲಿ ನಿವೇಶನ ಸಿಕ್ಕಿತು. ಆದರೆ ಮೀನುಗಾರನಿಗೆ ನಿವೇಶನವಷ್ಟೇ ಸಾಲದು. ಅವನ ಹೊಲ ಇರುವುದು ನೀರಿನಲ್ಲಿ, ಅಲ್ಲಿಗೆ ಹೋಗುವ ಬಾಗಿಲು ದಂಡೆ. ಪರಿಹಾರ ಸಾಲದೆಂದು ಹೂಡಿದ ದಾವೆಗಳು ದಶಕಗಳ ಕಾಲ ನ್ಯಾಯಾಲಯಗಳಲ್ಲಿ ಉಳಿದವು. ಹಕ್ಕುದಾರರಲ್ಲಿ ಎಷ್ಟೋ ಹಿರಿಯರು ತೀರ್ಪು ನೋಡದೆ ತೀರಿಕೊಂಡರು. ಅಂಕೋಲೆಯ ಅಲಗೇರಿ ಬಳಿ ನೌಕಾ ವಿಮಾನ ನಿಲ್ದಾಣದ ಯೋಜನೆ ಬಂದಾಗ ಅಲ್ಲಿನವರು ಮೊದಲು ಕೇಳಿದ್ದು ಪರಿಹಾರದ ಮಾತನ್ನೇ.

ದೇಶಕ್ಕೆ ನೌಕೆ ಬೇಡವೆಂದು ಆ ಊರುಗಳವರು ಹೇಳಲಿಲ್ಲ. ವಿಕ್ರಮಾದಿತ್ಯದ ಲೆಕ್ಕ ಬರೆಯುವಾಗ ರಷ್ಯಾಕ್ಕೆ ಕೊಟ್ಟ ಹಣ, ವಿಮಾನಗಳ ಬೆಲೆ, ಇಂಧನದ ಖರ್ಚು ಎಲ್ಲವೂ ಸೇರುತ್ತವೆ. ಅರ್ಗಾದ ದಂಡೆಯನ್ನೂ ಅದರಲ್ಲಿ ಸೇರಿಸಬೇಕು. ಸಮುದ್ರದ ನಡುವೆ ಯಾರ ನೆಲವನ್ನೂ ಬೇಡದ ನೌಕೆ, ದಡಕ್ಕೆ ಬಂದಾಗ ನಿಲ್ಲುವುದು ಯಾರೋ ಬಿಟ್ಟುಕೊಟ್ಟ ನೆಲದ ಆಸರೆಯಲ್ಲಿ.