ತಾತನ ಬ್ರಶ್ಶು ಮತ್ತು ಅದರ ಮೇಲಿನ ಒಂದು ಪದ

ಟೇಕಲ್ ಹತ್ತಿರದ ನಮ್ಮ ಹಳ್ಳಿಯ ಮನೆಯನ್ನು ಕೆಡವಿ ಕಟ್ಟುವಾಗ ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯೊಂದು ಕೆಳಗಿಳಿಯಿತು. ಅದರಲ್ಲಿ ಕೋಲಾರ ಚಿನ್ನದ ಗಣಿಯಲ್ಲಿ ಕೂಲಿಯಾಗಿದ್ದ ತಾತನ ಸಾಮಾನುಗಳಿದ್ದವು. ಒಂದು ಪಂಚೆ, ತುಕ್ಕು ಹಿಡಿದ ರೇಜರು, ಒಡೆದ ಕನ್ನಡಿ, ಜೊತೆಗೆ ಒಂದು ಗಡ್ಡದ ಬ್ರಶ್ಶು. ಹಿಡಿಯು ದಂತದ ಬಣ್ಣದ್ದು, ಉದ್ದಕ್ಕೂ ಬಿರುಕು ಬಿಟ್ಟಿತ್ತು. ಕೂದಲು ಅರ್ಧ ಉದುರಿತ್ತು. ತಳದಲ್ಲಿ ಸವೆದುಹೋದ ಇಂಗ್ಲಿಷ್ ಅಕ್ಷರಗಳಿದ್ದವು. ಕನ್ನಡಕ ಹಾಕಿಕೊಂಡು ಬಿಸಿಲಿಗೆ ಹಿಡಿದು ಓದಿದೆ: ‘ಸ್ಟೆರಿಲೈಸ್ಡ್’.

ಕಂಪನಿಯ ಹೆಸರಲ್ಲ, ಊರಿನ ಹೆಸರಲ್ಲ, ‘ಶುದ್ಧೀಕರಿಸಲಾಗಿದೆ’ ಎಂಬ ಒಂದೇ ಮಾತು. ಗಡ್ಡ ಬೋಳಿಸುವ ಬ್ರಶ್ಶಿನ ಮೇಲೆ ಇದನ್ನು ಯಾರಾದರೂ ಯಾಕೆ ಅಚ್ಚು ಹಾಕಬೇಕು? ಈ ಪ್ರಶ್ನೆಯಿಂದ ಶುರುವಾದ ಹುಡುಕಾಟ ನನಗೆ ಒಂದು ಹವ್ಯಾಸವನ್ನು ಅಂಟಿಸಿತು. ಈಗ ಹಳೆಯ ಬ್ರಶ್ಶುಗಳನ್ನು ಸರಿಮಾಡುವುದು, ಹೊಸದಕ್ಕೆ ಹಿಡಿ ಕಡೆಯುವುದು ನನ್ನ ಭಾನುವಾರದ ಕೆಲಸ.

ಗಡ್ಡದ ಬ್ರಶ್ಶಿನ ಚರಿತ್ರೆ ಬಹಳ ಹಳೆಯದೇನಲ್ಲ. ಅದು ಬಳಕೆಗೆ ಬಂದದ್ದು 18ನೇ ಶತಮಾನದ ಯೂರೋಪಿನಲ್ಲಿ. ಫ್ರೆಂಚರು ಅದನ್ನು ‘ಬ್ಲೆರೋ’ ಎಂದು ಕರೆದರು. ಆ ಮಾತಿನ ಮೂಲ ಅರ್ಥ ಬ್ಯಾಡ್ಜರ್ ಎಂಬ ಬಿಲವಾಸಿ ಪ್ರಾಣಿ. ಅದರ ಕೂದಲು ನೀರನ್ನು ಚೆನ್ನಾಗಿ ಹಿಡಿದಿಟ್ಟುಕೊಳ್ಳುತ್ತದೆ, ಮೃದುವಾಗಿಯೂ ಇರುತ್ತದೆ. ಹಾಗಾಗಿ ಅದೇ ಮೇಲ್ದರ್ಜೆಯದಾಯಿತು. ಅಗ್ಗದ ಬ್ರಶ್ಶುಗಳಿಗೆ ಹಂದಿಯ ಬಿರುಗೂದಲು, ಕುದುರೆಯ ಬಾಲದ ಕೂದಲು. ಮೂರನ್ನೂ ಗುರುತಿಸುವುದು ಕಲಿತರೆ ಕಷ್ಟವಲ್ಲ. ಬ್ಯಾಡ್ಜರ್ ಕೂದಲಿನ ತುದಿ ಬಿಳಿ, ನಡುವೆ ಕಪ್ಪು ಪಟ್ಟೆ. ಹಂದಿಯದು ಬಳಸುತ್ತಾ ಬಳಸುತ್ತಾ ತುದಿಯಲ್ಲಿ ಸೀಳುತ್ತದೆ. ಕುದುರೆಯದು ಬುಡದಿಂದ ತುದಿವರೆಗೆ ಹೆಚ್ಚುಕಮ್ಮಿ ಒಂದೇ ದಪ್ಪ. ತಾತನ ಬ್ರಶ್ಶಿನದು ಕುದುರೆ ಕೂದಲು.

ಇಲ್ಲೇ ಆ ಪದದ ಗುಟ್ಟೂ ಇತ್ತು. ಮೊದಲ ಮಹಾಯುದ್ಧದಲ್ಲಿ ಯೂರೋಪಿನ ಕೂದಲ ವ್ಯಾಪಾರ ಅಸ್ತವ್ಯಸ್ತವಾಯಿತು. ಬ್ಯಾಡ್ಜರ್ ಸಿಗದೆ ಏಷ್ಯಾದಿಂದ ಬಂದ ಕುದುರೆ ಕೂದಲಿನಿಂದ ಬ್ರಶ್ಶು ಮಾಡತೊಡಗಿದರು. ಅದೇ ಹೊತ್ತಿಗೆ ಸೈನಿಕರಿಗೆ ದಿನವೂ ಗಡ್ಡ ಬೋಳಿಸುವುದು ಕಡ್ಡಾಯವಾಗಿತ್ತು. ವಿಷಾನಿಲದ ಮುಖವಾಡ ಮುಖಕ್ಕೆ ಬಿಗಿಯಾಗಿ ಕೂರಬೇಕಾದರೆ ಗಡ್ಡ ಇರಕೂಡದು. 1918ರಲ್ಲಿ ಅಮೆರಿಕದ ಸೇನೆ ಜಿಲೆಟ್ ಕಂಪನಿಯಿಂದ ಸುಮಾರು 35 ಲಕ್ಷ ಸೇಫ್ಟಿ ರೇಜರುಗಳನ್ನು ಕೊಂಡು ಸೈನಿಕರಿಗೆ ಹಂಚಿತು. ಬ್ರಶ್ಶುಗಳಿಗೂ ಅಷ್ಟೇ ಬೇಡಿಕೆ. ಕೂದಲನ್ನು ಸರಿಯಾಗಿ ಕುದಿಸಿ ಶುಚಿ ಮಾಡುವ ಪುರುಸೊತ್ತು ಯಾರಿಗೂ ಇರಲಿಲ್ಲ. ಆ ಕೂದಲಿನ ಜೊತೆ ಆಂಥ್ರಾಕ್ಸ್ ಬಂತು. ನಮ್ಮ ಕಡೆ ಕುರಿ, ದನಗಳಿಗೆ ತಗಲುವ ನೆರಡಿ ರೋಗ ಅದೇ. ರೇಜರು ಗೀರಿದ ಜಾಗದಲ್ಲಿ ರೋಗಾಣು ಸೇರಿ ಸೈನಿಕರೂ ನಾಗರಿಕರೂ ಸತ್ತರು. ಬ್ರಿಟನ್ 1919ರಲ್ಲಿ ಆಂಥ್ರಾಕ್ಸ್ ತಡೆ ಕಾಯ್ದೆ ಮಾಡಿತು. 1920ರಲ್ಲಿ ಜಪಾನಿನ ಗಡ್ಡದ ಬ್ರಶ್ಶುಗಳ ಆಮದನ್ನೇ ನಿಲ್ಲಿಸಿತು. ಹೆದರಿದ ಗಿರಾಕಿಗೆ ಧೈರ್ಯ ಹೇಳಲು ತಯಾರಕರು ಹಿಡಿಯ ಮೇಲೆ ‘ಸ್ಟೆರಿಲೈಸ್ಡ್’ ಎಂದು ಅಚ್ಚು ಹಾಕತೊಡಗಿದರು.

ಇದನ್ನು ಓದುವ ಹೊತ್ತಿಗೆ ನಾನು ಆ ಕೂದಲನ್ನು ಕತ್ತರಿಯಿಂದ ಕತ್ತರಿಸಿ, ಧೂಳು ಊದಿ, ಕೈ ಒರೆಸಿಕೊಂಡೂ ಆಗಿತ್ತು. ಆ ರೋಗದ ಬೀಜಾಣು ಒಣ ಜಾಗದಲ್ಲಿ ದಶಕಗಳ ಕಾಲ ಬದುಕಬಲ್ಲದು. ಒಂದು ವಾರ ಕೈ ನೋಡಿಕೊಂಡೇ ಕಳೆದೆ. ಏನೂ ಆಗಲಿಲ್ಲ. ಆದರೆ ಈ ಹವ್ಯಾಸಕ್ಕೆ ಇಳಿಯುವವರಿಗೆ ನನ್ನ ಮೊದಲ ಮಾತು ಇದು: ಯುದ್ಧಕಾಲದ ಆಸುಪಾಸಿನ ಕುದುರೆ ಕೂದಲಿನ ಬ್ರಶ್ಶು ಸಿಕ್ಕರೆ ಆ ಕೂದಲನ್ನು ಕತ್ತರಿಸಬೇಡಿ, ಬಳಸಲೂ ಬೇಡಿ.

ಬ್ರಶ್ಶು ಬರುವ ಮುಂಚೆ ನಮ್ಮಲ್ಲಿ ಏನಿತ್ತು? ನಾಯಿಂದರ ಕೈಯಲ್ಲಿ ಕತ್ತಿ, ಮಸೆಗಲ್ಲು, ಸಣ್ಣ ಕನ್ನಡಿ, ನೀರಿನ ಬಟ್ಟಲು. ಬೆರಳಲ್ಲೇ ನೀರು ಹಚ್ಚಿ ತಿಕ್ಕಿ ತಿಕ್ಕಿ ಗಡ್ಡ ನೆನೆಸುತ್ತಿದ್ದರು. ಆ ಸಲಕರಣೆಗಳ ಚೀಲಕ್ಕೆ ಹಡಪ ಎಂಬ ಹೆಸರಿದೆ. ಎಲೆಯಡಿಕೆಯ ಚೀಲಕ್ಕೂ ಅದೇ ಹೆಸರು. 12ನೇ ಶತಮಾನದ ಶರಣ ಹಡಪದ ಅಪ್ಪಣ್ಣ ಬಸವಣ್ಣನವರ ಎಲೆಯಡಿಕೆಯ ಹಡಪ ಹಿಡಿದವನು. ಅವನನ್ನು ಕ್ಷೌರಿಕ ಸಮುದಾಯ ತನ್ನ ಹಿರಿಯನೆಂದು ಭಾವಿಸುತ್ತದೆ. ಅವನೂ ಅವನ ಹೆಂಡತಿ ಲಿಂಗಮ್ಮನೂ ವಚನ ಬರೆದವರು.

ನಾಲ್ಕು ಶತಮಾನಗಳ ನಂತರ, 1540ರ ದಶಕದಲ್ಲಿ, ವಿಜಯನಗರದ ಸದಾಶಿವರಾಯನ ಕಾಲದ ಶಾಸನಗಳಲ್ಲಿ ಇನ್ನೊಬ್ಬ ಕ್ಷೌರಿಕನ ಹೆಸರು ಬರುತ್ತದೆ: ಕೊಂಡೋಜ. ಆಡಳಿತವೆಲ್ಲ ಅಳಿಯ ರಾಮರಾಯನ ಕೈಯಲ್ಲಿದ್ದ ದಿನಗಳವು. ಕೊಂಡೋಜನ ಕೆಲಸಕ್ಕೆ ಮೆಚ್ಚಿದ ರಾಮರಾಯ ಕ್ಷೌರಿಕರಿಗೆ ತೆರಿಗೆ ಮಾಫಿ ಮಾಡಿಸಿದ. ಬಾದಾಮಿಯಲ್ಲಿ ಮಾತ್ರವಲ್ಲ, ಬೇರೆ ಸೀಮೆಗಳಲ್ಲೂ ಇದನ್ನು ಕಲ್ಲಿನಲ್ಲಿ ಕೆತ್ತಿಸಲಾಯಿತು. ಟೇಕಲ್ಲಿನ ವರದರಾಜಸ್ವಾಮಿ ಗುಡಿಗೆ ಹೋದಾಗಲೆಲ್ಲ ನನಗೆ ಕೊಂಡೋಜನ ನೆನಪಾಗುತ್ತದೆ. ಈ ಸೀಮೆ 15ನೇ ಶತಮಾನದಲ್ಲಿ ಸಾಳುವ ಗೋಪರಾಜನದು. ಇಲ್ಲಿಯ ಕಲ್ಲುಗಳಲ್ಲಿ ಅರಸರ, ದಾನಿಗಳ ಹೆಸರುಗಳಿವೆ. ಒಬ್ಬ ಕ್ಷೌರಿಕ ತನ್ನ ಹೆಸರನ್ನೂ ತನ್ನವರ ಹಕ್ಕನ್ನೂ ಶಾಸನಕ್ಕೆ ಏರಿಸಿದ್ದು ಸಣ್ಣ ಮಾತಲ್ಲ.

ಆದರೆ ಹಳ್ಳಿಯ ದಿನನಿತ್ಯದ ಲೆಕ್ಕ ಬೇರೆ. ನಾಯಿಂದ ಹಳ್ಳಿಯ ಆಯಗಾರರಲ್ಲಿ ಒಬ್ಬ. ವರ್ಷವಿಡೀ ದುಡಿದದ್ದಕ್ಕೆ ಸುಗ್ಗಿಯಲ್ಲಿ ಕಣದ ರಾಗಿ. ಕ್ಷೌರ ಅವನದೇ, ಮದುವೆಯ ಓಲಗವೂ ಅನೇಕ ಕಡೆ ಅವನದೇ. ಆದರೆ ಅವನ ಕತ್ತಿ ಯಾರ ಗಡ್ಡವನ್ನು ಮುಟ್ಟಬಹುದು, ಯಾರದನ್ನು ಮುಟ್ಟಬಾರದು ಎಂದು ತೀರ್ಮಾನಿಸುತ್ತಿದ್ದವನು ಅವನಲ್ಲ. ನಮ್ಮ ಕೇರಿಯ ಗಡ್ಡಗಳು ಆ ಪಟ್ಟಿಯಲ್ಲಿ ಇರಲಿಲ್ಲ. ನಮ್ಮವರು ಒಬ್ಬರಿಗೊಬ್ಬರು ಬೋಳಿಸಿಕೊಳ್ಳುತ್ತಿದ್ದರು, ಮೊಂಡು ಕತ್ತಿಯಲ್ಲಿ, ಹುಣಸೆ ಮರದ ಕೆಳಗೆ.

ಇದನ್ನು ಮುರಿದದ್ದರಲ್ಲಿ ರೈಲಿನ ಪಾಲೂ ಇದೆ. ಬೆಂಗಳೂರು ದಂಡಿನಿಂದ ಜೋಲಾರಪೇಟೆಗೆ ಹಳಿ ಬಿದ್ದದ್ದು 1864ರಲ್ಲಿ. ಮಾಲೂರು, ಟೇಕಲ್, ಬೌರಿಂಗ್‌ಪೇಟೆ (ಇಂದಿನ ಬಂಗಾರಪೇಟೆ) ಅದೇ ಹಾದಿಯ ಊರುಗಳು. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಚಿನ್ನದ ಗಣಿಗೆ ಕೈಹಾಕಿತು. 1894ರಲ್ಲಿ ಬೌರಿಂಗ್‌ಪೇಟೆಯಿಂದ ಗಣಿಗೆ ಕವಲು ಹಳಿ ಬಂತು, 1902ರಲ್ಲಿ ಶಿವನಸಮುದ್ರದ ಕರೆಂಟು ಬಂತು. ಗಣಿಯ ಕೂಲಿಗಳಲ್ಲಿ ಬಹುಪಾಲು ದಲಿತರು, ಅವರಲ್ಲೂ ಉತ್ತರ ಆರ್ಕಾಟಿನ ಕಡೆಯಿಂದ ಬಂದ ತಮಿಳರೇ ಹೆಚ್ಚು. ಆ ಜೀವನ ಸುಖದ್ದಲ್ಲ. ಕತ್ತಲು, ಬಿಸಿ, ಧೂಳಿನಿಂದ ಬರುವ ಎದೆರೋಗ, ತಗಡಿನ ಸಾಲುಮನೆ. ಆದರೆ ಕೂಲಿ ಕಾಸಿನಲ್ಲಿ ಸಿಗುತ್ತಿತ್ತು, ಕಾಳಿನಲ್ಲಿ ಅಲ್ಲ. ಕಾಸಿಗೆ ಕೇರಿ ಯಾವುದೆಂದು ಯಾರೂ ಕೇಳುವುದಿಲ್ಲ.

ತಾತನಿಗೆ ಬ್ರಶ್ಶು ಸಿಕ್ಕಿದ ಬಗ್ಗೆ ಮನೆಯಲ್ಲಿ ಎರಡು ಕತೆಗಳಿವೆ. ಬಂಗಲೆಯ ದೊರೆಯೊಬ್ಬ ಬಿಸಾಡಿದ್ದು ಎಂದು ಅಜ್ಜಿ ಹೇಳುತ್ತಿದ್ದಳಂತೆ. ರಾಬರ್ಟ್‌ಸನ್‌ಪೇಟೆ ಸಂತೆಯಲ್ಲಿ ತಾತನೇ ದುಡ್ಡು ಕೊಟ್ಟು ತಂದದ್ದು ಎಂದು ದೊಡ್ಡಪ್ಪ. ನನಗೆ ಎರಡನೆಯದೇ ಇಷ್ಟ. ಹಬ್ಬಕ್ಕೆ ಊರಿಗೆ ಬಂದಾಗ ತಾತ ಮನೆ ಮುಂದಿನ ಕಲ್ಲಿನ ಮೇಲೆ ಕೂತು, ಎಲ್ಲರಿಗೂ ಕಾಣುವ ಹಾಗೆ ನೊರೆ ಎಬ್ಬಿಸಿ ಗಡ್ಡ ಬೋಳಿಸಿಕೊಳ್ಳುತ್ತಿದ್ದರಂತೆ. ಅಷ್ಟು ಹೊತ್ತು ಯಾಕೆ ಎಂದು ಅಜ್ಜಿ ಬೈಯುತ್ತಿದ್ದಳಂತೆ. ಮುಟ್ಟಿದರೆ ಮೈಲಿಗೆ ಎನಿಸಿಕೊಂಡ ಮನುಷ್ಯನ ಕೈಯಲ್ಲಿ ‘ಶುದ್ಧೀಕರಿಸಲಾಗಿದೆ’ ಎಂಬ ಬ್ರಶ್ಶು! ತಾತನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ.

ಈಗ ದುರಸ್ತಿಯ ಮಾತು. ಆ ಹಿಡಿ ದಂತವಲ್ಲ, ಸೆಲ್ಯುಲಾಯ್ಡ್. ಹೆಬ್ಬೆರಳಿನಿಂದ ಬಲವಾಗಿ ಉಜ್ಜಿದರೆ ಕರ್ಪೂರದ ವಾಸನೆ ಬರುತ್ತದೆ. ಕರ್ಪೂರದಂತೆಯೇ ಬೇಗ ಬೆಂಕಿ ಹಿಡಿಯುತ್ತದೆ. ಅದಕ್ಕೇ ಬಿಸಿ ತಾಗಿಸದೆ, ಹಳೆಯ ಗೋಂದನ್ನು ತುಸು ತುಸುವೇ ಕೆರೆದು ತೆಗೆದೆ. ಗುಳಿಯನ್ನು 22 ಮಿಲಿಮೀಟರಿಗೆ ಅಗಲಿಸಿ, ಕೃತಕ ಎಳೆಯ ಹೊಸ ಕಟ್ಟನ್ನು ಅಂಟಿಸಿದೆ. ಕೂದಲು 50 ಮಿಲಿಮೀಟರ್ ಹೊರಗಿರುವಂತೆ ನೋಡಿಕೊಂಡೆ. ಹೆಚ್ಚು ಹೊರಗಿದ್ದರೆ ಬ್ರಶ್ಶು ಜೋತುಬೀಳುತ್ತದೆ, ಕಡಿಮೆಯಾದರೆ ಕೆನ್ನೆಗೆ ಚುಚ್ಚುತ್ತದೆ. ಬಿರುಕನ್ನು ಹಾಗೇ ಬಿಟ್ಟೆ. ಆ ಪದವನ್ನಂತೂ ಪಾಲಿಶ್ ಮಾಡಲಿಲ್ಲ.

ಊರಿನ ಹಳೆಯ ಸಲೂನಿನ ಯಜಮಾನರಿಗೆ ಅದನ್ನು ತೋರಿಸಿದೆ. ಎಪ್ಪತ್ತು ದಾಟಿದವರು, ಈಗ ಅಂಗಡಿ ಮಗನದು. ಬ್ರಶ್ಶನ್ನು ಅಂಗೈಯಲ್ಲಿ ತಿರುಗಿಸಿ ನೋಡಿ ಕೇಳಿದರು: “ನಿಮ್ ತಾತಂದಾ ಸಾರ್?”

“ಹೌದು ಯಜಮಾನ್ರೇ.”

ಸ್ವಲ್ಪ ಹೊತ್ತು ಸುಮ್ಮನಿದ್ದರು. “ನಮ್ಮಪ್ಪ ಅವ್ರನ್ನ ಮುಟ್ಟಿದ್ರೆ ಸುಗ್ಗೀಲಿ ನಮಗೆ ಕಣದಲ್ಲಿ ರಾಗಿ ಹಾಕ್ತಿರ್ಲಿಲ್ಲ ಸಾರ್. ಆರು ಜನ ಮಕ್ಕಳು ನಾವು.”

ಅದು ಕ್ಷಮೆಯೂ ಅಲ್ಲ, ಸಮರ್ಥನೆಯೂ ಅಲ್ಲ, ಲೆಕ್ಕ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಇಂಥ ನಿರಾಕರಣೆಯನ್ನು ಅಪರಾಧವೆಂದಿತು. ಆದರೆ ಕಣದ ರಾಗಿಯ ಹಂಗು ಕಳಚಿ, ಕುರ್ಚಿ ಕನ್ನಡಿಯ ಸಲೂನು ಬಂದು, ಗಿರಾಕಿ ಕಾಸು ಕೊಡುವಂತಾಗುವವರೆಗೆ ಕಾಯ್ದೆ ನಮ್ಮ ಹಳ್ಳಿಗೆ ಬರಲಿಲ್ಲ. ತಾತನನ್ನು ಗಣಿಯ ಕೂಲಿ ಬಿಡಿಸಿತು, ಅವರನ್ನು ಸಲೂನಿನ ಗಲ್ಲಾಪೆಟ್ಟಿಗೆ ಬಿಡಿಸಿತು. ಇಬ್ಬರನ್ನೂ ಕಟ್ಟಿದ್ದು ಒಂದೇ ಹಗ್ಗ. ಹಾಗೆಂದು ಇಬ್ಬರ ನೋವೂ ಒಂದೇ ಎನ್ನಲಾರೆ. ಅವರಪ್ಪನಿಗೆ ಗಡ್ಡ ಬೋಳಿಸಲು ಹುಣಸೆ ಮರದ ಕೆಳಗೆ ಹೋಗಬೇಕಿರಲಿಲ್ಲ.

ಎದ್ದು ಹೊರಡುವಾಗ ಅವರು ತಮ್ಮ ಹಳೆಯ ಬ್ರಶ್ಶೊಂದನ್ನು ಡ್ರಾಯರಿನಿಂದ ತೆಗೆದುಕೊಟ್ಟರು. ಹಿಡಿ ಪೂರ್ತಿ ಒಡೆದಿತ್ತು. “ಆದ್ರೆ ನೋಡಿ ಸಾರ್” ಎಂದರು.

ಅದಕ್ಕೆ ಚನ್ನಪಟ್ಟಣಕ್ಕೆ ಹೋಗಿ, ಬೊಂಬೆ ಮಾಡುವ ಆಲೆಮರದ ತುಂಡನ್ನು ಕಡೆಸಿಕೊಂಡು ಬಂದೆ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೇ ಕರಗಿ ಬಣ್ಣ ಹಿಡಿಯುತ್ತದೆ. ತಾಳೆಗರಿ ಒತ್ತಿದರೆ ಹೊಳಪು ಬರುತ್ತದೆ. ನೋಡಲು ಚೆಂದವಿತ್ತು. ನಾಲ್ಕು ದಿನ ಬಿಸಿನೀರಿನಲ್ಲಿ ಬಳಸಿ ಪರೀಕ್ಷಿಸಿದೆ, ಅರಗು ಮಂಕಾಗಿ ಸುಕ್ಕುಗಟ್ಟಿತು. ಅರಗು ಬೊಂಬೆಗೆ ಸರಿ, ಬಿಸಿನೀರಿಗೆ ಅಲ್ಲ. ಎರಡನೆಯದನ್ನು ಗಟ್ಟಿಯಾದ ಹೊನ್ನೆ ಮರದಲ್ಲಿ ಕಡೆದು, ತೆಳುವಾಗಿ ಎಂಟು ಸಲ ವಾರ್ನಿಶ್ ಕೊಟ್ಟು, ಪ್ರತಿ ಸಲವೂ ಒಣಗಿಸಿ ಉಜ್ಜಿದೆ. ಗುಳಿಯ ಒಳಗೂ ವಾರ್ನಿಶ್ ಬಳಿದೆ. ಹಿಡಿ ಸಾಮಾನ್ಯವಾಗಿ ಒಡೆಯುವುದು ಅಲ್ಲಿಂದಲೇ. ನೀರು ಒಳಗಿಳಿದು ಮರ ಉಬ್ಬುತ್ತದೆ, ಒಣಗಿದಾಗ ಸೀಳುತ್ತದೆ.

ಕೊಡಲು ಹೋದ ದಿನ ಅವರು ಮಗನನ್ನು ಪಕ್ಕಕ್ಕೆ ಸರಿಸಿ, ನನ್ನನ್ನು ಕುರ್ಚಿಯಲ್ಲಿ ಕೂರಿಸಿದರು. ಕೈ ಸ್ವಲ್ಪ ನಡುಗುತ್ತಿತ್ತು. ಹೊಸ ಬ್ರಶ್ಶನ್ನು ನೆನೆಸಿ, ನೊರೆ ಎಬ್ಬಿಸಿ, ಎರಡೂ ಕೆನ್ನೆಗೆ ಹಚ್ಚಿದರು. ಅಷ್ಟು ಹೊತ್ತು ಯಾಕೆ ಎಂದು ನಾನು ಕೇಳಲಿಲ್ಲ. ಕಾಸು ಕೊಡಲು ಹೋದಾಗ ಬೇಡವೆಂದರು. ನಾನು ಕೊಟ್ಟೇ ಬಂದೆ. ತಾತ ಇದ್ದಿದ್ದರೆ ಹಾಗೇ ಮಾಡುತ್ತಿದ್ದರು.