ಮೆಸಿಯಾಂ ತರಗತಿಯಿಂದ ಹೊರಟ ದಾರಿಗಳು

ಶಿಷ್ಯನ ಹಾಡಿಕೆ ಕೇಳಿದೊಡನೆ ಗುರು ಯಾರೆಂದು ಗೊತ್ತಾಗಬೇಕು, ಅದೇ ಬಾನಿ ಎಂಬುದು ನಮ್ಮ ಸಂಗೀತಗಾರರ ಲೆಕ್ಕ. ಫ್ರಾನ್ಸಿನ ಸಂಯೋಜಕ ಒಲಿವಿಯೆ ಮೆಸಿಯಾಂ (1908–1992) ವಿಷಯದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಎರಡನೇ ಮಹಾಯುದ್ಧದ ನಂತರ ಯೂರೋಪಿನ ಸಂಗೀತ ಕಂಡ ದೊಡ್ಡ ತಿರುವುಗಳಲ್ಲಿ ಹಲವು ಅವರ ತರಗತಿಯಲ್ಲಿ ಕುಳಿತವರಿಂದಲೇ ಆದವು. ಅವರ ಹಾಗೇ ಬರೆದವರು ಮಾತ್ರ ವಿರಳ.

1940ರಲ್ಲಿ ಜರ್ಮನರಿಗೆ ಸೆರೆಸಿಕ್ಕ ಮೆಸಿಯಾಂ, ಗೋರ್ಲಿಟ್ಸ್‌ನ ಯುದ್ಧಕೈದಿಗಳ ಶಿಬಿರದಲ್ಲಿ 'ಕಾಲಾಂತ್ಯಕ್ಕೊಂದು ಚತುರ್ವಾದ್ಯ' ರಚಿಸಿದರು. 1941ರ ಜನವರಿ 15ರಂದು ಕೈದಿಗಳೂ ಕಾವಲಿನವರೂ ಅದನ್ನು ಅಲ್ಲೇ ಕೇಳಿದರು. ಅದರ ಮೊದಲ ಭಾಗದ ಪಿಯಾನೊವನ್ನು ಗಮನಿಸಿ. ರಾಗವರ್ಧನ, ಚಂದ್ರಕಲಾ, ಲಕ್ಷ್ಮೀಶ ಎಂಬ ಮೂರು ದೇಶೀತಾಳಗಳನ್ನು ಪೋಣಿಸಿದ 17 ಕಾಲಪ್ರಮಾಣಗಳು ಮತ್ತೆ ಮತ್ತೆ ಸುತ್ತುತ್ತವೆ. ಅವುಗಳ ಮೇಲೆ 29 ಸ್ವರಮೇಳಗಳ ಸರಣಿ ಬೇರೆಯಾಗಿ ಸುತ್ತುತ್ತದೆ. ಎರಡೂ ಅವಿಭಾಜ್ಯ ಸಂಖ್ಯೆಗಳಾದ್ದರಿಂದ 493 ಹೆಜ್ಜೆ ನಡೆದ ಮೇಲೆಯೇ ಎರಡೂ ಒಟ್ಟಿಗೆ ಮೊದಲಿಗೆ ಮರಳಬೇಕು. ಅಷ್ಟರೊಳಗೆ ಆ ಭಾಗವೇ ಮುಗಿದಿರುತ್ತದೆ.

ಈ ತಾಳಗಳು ಬಂದದ್ದು ಶಾರ್ಙ್ಗದೇವನ 'ಸಂಗೀತ ರತ್ನಾಕರ'ದಿಂದ. ದೇವಗಿರಿಯ ಯಾದವರ ಆಸ್ಥಾನದಲ್ಲಿ 13ನೇ ಶತಮಾನದಲ್ಲಿ ಹುಟ್ಟಿದ, ವಿಜಯನಗರದ ಕಾಲದಲ್ಲಿ ಕಲ್ಲಿನಾಥ ವ್ಯಾಖ್ಯಾನ ಬರೆದ ಗ್ರಂಥವದು. ಅದರ 120 ದೇಶೀತಾಳಗಳ ಪಟ್ಟಿ ಮೆಸಿಯಾಂಗೆ ಸಿಕ್ಕಿದ್ದು ಒಂದು ಫ್ರೆಂಚ್ ವಿಶ್ವಕೋಶದಲ್ಲಿ. ಕೈಯಲ್ಲಿ ತಾಳ ಹಾಕಿ ಕಲಿತದ್ದಲ್ಲ. ಹಾಗಾಗಿ ಸಮವೂ ಇಲ್ಲ, ಆವರ್ತನದ ಹಿಡಿತವೂ ಇಲ್ಲ, ಇರುವುದು ಬರೀ ಹ್ರಸ್ವ-ದೀರ್ಘಗಳ ವಿನ್ಯಾಸ. ನಮ್ಮ ಮೃದಂಗ ವಿದ್ವಾಂಸರು ಇದನ್ನು ತಾಳವೆಂದು ಒಪ್ಪಲಿಕ್ಕಿಲ್ಲ. ಆದರೂ ಆ ಅರೆಬರೆ ಓದಿನಿಂದಲೇ ಮೆಸಿಯಾಂ ಪಾಶ್ಚಾತ್ಯ ಲಯವನ್ನು ಸಮಗತಿಯ ಎಣಿಕೆಯಿಂದ ಬಿಡಿಸಿದರು ಎಂಬುದು ನನ್ನ ಅಭಿಪ್ರಾಯ.

ಬಿಡುಗಡೆಯಾಗಿ ಬಂದವರು 1941ರಲ್ಲಿ ಪ್ಯಾರಿಸ್ ಕನ್ಸರ್ವೇಟರಿಗೆ ಅಧ್ಯಾಪಕರಾಗಿ ಸೇರಿದರು. ಸಂಯೋಜನೆಯ ಪ್ರಾಧ್ಯಾಪಕ ಎಂಬ ಹುದ್ದೆ ಸಿಕ್ಕಿದ್ದು 1966ರಲ್ಲಿ, ಅದೂ ಶಿಷ್ಯರು ಜಗತ್ಪ್ರಸಿದ್ಧರಾದ ಮೇಲೆ! ಅವರ ವಿಶ್ಲೇಷಣೆಯ ಪಾಠದಲ್ಲಿ ಮೊಜಾರ್ಟ್, ಡೆಬುಸ್ಸಿ, ಸ್ಟ್ರಾವಿನ್ಸ್ಕಿಯ ಜೊತೆಗೆ ಗ್ರೀಕ್ ಛಂದಸ್ಸು, ದೇಶೀತಾಳ, ಹಕ್ಕಿಗಳ ಕೂಗು ಎಲ್ಲಕ್ಕೂ ಜಾಗವಿತ್ತು. ವಾಸ್ತುಶಿಲ್ಪಿ ಲ ಕೊರ್ಬೂಸಿಯೆ ಕಚೇರಿಯಲ್ಲಿ ಕೆಲಸಕ್ಕಿದ್ದ ಎಂಜಿನಿಯರ್ ಯಾನಿಸ್ ಜೆನಾಕಿಸ್ ಬಂದು, ಹಾರ್ಮನಿಯನ್ನು ಮೊದಲಿನಿಂದ ಕಲಿಯಬೇಕೇ ಎಂದು ಕೇಳಿದಾಗ ಮೆಸಿಯಾಂ ಬೇಡವೆಂದರು. ಬಲ್ಲ ಗಣಿತವನ್ನೇ ಸಂಗೀತಕ್ಕೆ ಬಳಸಲು ಹೇಳಿದರು. ಜೆನಾಕಿಸ್ ಜೀವನಪೂರ್ತಿ ಮಾಡಿದ್ದು ಅದನ್ನೇ. ಹೊಸಬರಿಗೆ ಸರಳೆವರಸೆಯಿಂದಲೇ ಶುರುಮಾಡು ಎನ್ನುವ ಮೇಷ್ಟ್ರುಗಳ ನಡುವೆ ಇಂಥ ಧೈರ್ಯ ಅಪರೂಪ.

1949ರಲ್ಲಿ ಮೆಸಿಯಾಂ ಬರೆದ ಒಂದು ಪುಟ್ಟ ಪಿಯಾನೊ ರಚನೆಯಲ್ಲಿ 36 ಸ್ವರಗಳಿವೆ; ಪ್ರತಿಯೊಂದಕ್ಕೂ ಅದರದೇ ಅವಧಿ, ಜೋರು, ಹೊಡೆತದ ಬಗೆ ನಿಗದಿ. ಶಿಷ್ಯರಾದ ಬುಲೇಜ್ ಮತ್ತು ಸ್ಟಾಕ್‌ಹೌಸನ್ ಇದನ್ನು ಹಿಡಿದು, ಸಂಗೀತದ ಸಕಲವನ್ನೂ ಸರಣಿಗೆ ಕಟ್ಟುವ ಪಂಥ ಬೆಳೆಸಿದರು. ಗುರುವಿನ 'ತುರಂಗಲೀಲಾ' ಸಿಂಫನಿಯನ್ನು ಕಟುವಾಗಿ ಹೀಗಳೆದವನೂ ಇದೇ ಬುಲೇಜ್. ಮೆಸಿಯಾಂ ಮಾತ್ರ ಆ ಪಂಥದ ಹಿಂದೆ ಹೋಗಲಿಲ್ಲ, ನೋಟ್‌ಬುಕ್ ಹಿಡಿದು ಹಕ್ಕಿಗಳ ಹಿಂದೆ ಹೋದರು.

1970ರ ದಶಕದಲ್ಲಿ ಅದೇ ತರಗತಿಯ ಗ್ರಿಸೆ ಮತ್ತು ಮ್ಯುರಾಯ್ ಆ ಸರಣಿಗಳಿಗೆ ಬೆನ್ನು ತಿರುಗಿಸಿದರು. ಶ್ರುತಿಗೂಡಿದ ತಂಬೂರಿಯ ಮಂದ್ರದಲ್ಲಿ ಗಾಂಧಾರ ತಾನಾಗಿ ಕೇಳುವಂತೆ, ಒಂದೇ ನಾದದೊಳಗೆ ಅಡಗಿರುವ ಉಪಸ್ವರಗಳೇ ಇವರಿಗೆ ಬಂಡವಾಳ. ಗ್ರಿಸೆಯ 1975ರ 'ಪಾರ್ಸಿಯೆಲ್' ಟ್ರೊಂಬೋನಿನ ಒಂದು ಕೆಳಸ್ವರವನ್ನು ಬಿಡಿಸಿ, ಅದರ ಪದರಗಳನ್ನು ವಾದ್ಯವೃಂದಕ್ಕೆ ಹಂಚುತ್ತದೆ.

ಮೆಸಿಯಾಂ 1978ರಲ್ಲಿ ನಿವೃತ್ತರಾದ ಮೇಲೂ ಪಾಠ ನಿಲ್ಲಲಿಲ್ಲ. 1984ರಲ್ಲಿ ಚೀನಾದಿಂದ ಬಂದ ಚೆನ್ ಚಿಗಾಂಗ್ ಅವರನ್ನು ಖಾಸಗಿಯಾಗಿ ಶಿಷ್ಯನನ್ನಾಗಿ ತೆಗೆದುಕೊಂಡರು. 2008ರ ಬೀಜಿಂಗ್ ಒಲಿಂಪಿಕ್ಸ್ ಉದ್ಘಾಟನೆಯ ಸಂಗೀತ ನಿರ್ದೇಶಕ ಇದೇ ಚೆನ್.